ರೊಟ್ಟಿಯ ಮೇಲೂ ಕಂಡ ಬಳೆ

ಅವ್ವನ ಬಗ್ಗೆ ನನಗೆ ಹೆಮ್ಮೆ ಇದೆ. ಇಂಥದ್ದನ್ನು ಕೊನೆಗೆ ಹೇಳುವುದು ವಾಡಿಕೆ, ಆದರೆ ನಾನು ಮೊದಲೇ ಹೇಳಿಬಿಡುತ್ತೇನೆ. ಕೊನೆಗೆಂದು ಎತ್ತಿಟ್ಟರೆ ನೆನಪು ಆ ಕಡೆಗೇ ಇಳಿಜಾರಾಗಿ, ನಡೆದದ್ದೆಲ್ಲ ಅಲ್ಲಿಗೇ ಹರಿದು ಬಂದಂತೆ ಕಾಣತೊಡಗುತ್ತದೆ. ಹಾಗೇನೂ ಹರಿಯಲಿಲ್ಲ. ಇದನ್ನು ಒಮ್ಮೆ ಬರೆದು ಹರಿದುಹಾಕಿದ್ದೇನೆ. ಅದರಲ್ಲಿ ಅವ್ವ ದೊಡ್ಡ ದೊಡ್ಡ ಮಾತುಗಳನ್ನಾಡಿದ್ದಳು. ಅವಳು ಹಾಗೆ ಮಾತಾಡುವವಳೇ ಅಲ್ಲ.

ಅಪ್ಪ ಅವ್ವ ಬೀದರ ಜಿಲ್ಲೆಯವರು. ನಾನು ಹುಟ್ಟುವ ಮೊದಲೇ ಮರಾಠಿ ಸೀಮೆಯ ಸಂಭಾಜಿನಗರಕ್ಕೆ ಬಂದು ನೆಲೆಸಿದರು. ಅಲ್ಲಿನ ಚಿಕಲಠಾಣಾದಲ್ಲಿ ಅಪ್ಪನದು ಹತ್ತಿಯಿಂದ ಬೀಜ ಬಿಡಿಸುವ ಯಂತ್ರಗಳ ಬಿಡಿಭಾಗಗಳ ಅಂಗಡಿ. ಗಿರಾಕಿಗಳು ಹೆಚ್ಚಾಗಿ ಹತ್ತಿ ಬೆಳೆಯುವ ಸಿಲ್ಲೋಡದ ಕಡೆಯವರು. ನಾನಿರುವುದು ನಾಸಿಕ್‌ನಲ್ಲಿ. ದಿಂಡೋರಿಯ ಒಂದು ವೈನ್ ಕಾರ್ಖಾನೆಯ ಪ್ರಯೋಗಾಲಯದಲ್ಲಿ ಕೆಲಸ. ಅವ್ವ ಎಲ್ಲರ ಮುಂದೆ ಮಗಳು ದ್ರಾಕ್ಷಿ ಕಂಪನಿಯ ಆಫೀಸರ್ ಎನ್ನುತ್ತಾಳೆ. ಸುಳ್ಳಲ್ಲ. ಆಮೇಲೆ ಆ ದ್ರಾಕ್ಷಿ ಏನಾಗುತ್ತದೆಂದು ಅವರ್ಯಾರೂ ಕೇಳಿಲ್ಲ, ಅವಳೂ ಹೇಳಿಲ್ಲ.

ಅವ್ವನ ದಿನ ಶುರುವಾಗುವುದು ಇಷ್ಟಲಿಂಗ ಪೂಜೆಯಿಂದ. ಸ್ನಾನ ಮಾಡಿ, ಹಣೆಗೆ ಮೂರು ಬೆರಳಿನ ವಿಭೂತಿ ಎಳೆದು, ಕರಡಿಗೆಯಿಂದ ಲಿಂಗ ತೆಗೆದು ಎಡ ಅಂಗೈಯಲ್ಲಿ ಇಟ್ಟುಕೊಳ್ಳುತ್ತಾಳೆ. ನೀರು, ಪತ್ರಿ, ಹೂ ಆದ ಮೇಲೆ ಅಂಗೈಯನ್ನು ಕಣ್ಣಿನ ಮಟ್ಟಕ್ಕೆ ಎತ್ತಿ, ರೆಪ್ಪೆ ಅರೆಮುಚ್ಚಿ, ಆ ಪುಟ್ಟ ಕಪ್ಪು ಗುಮ್ಮಟದ ಮೇಲೆ ನೋಟ ನಿಲ್ಲಿಸಿ ಕೂಡುತ್ತಾಳೆ. ಚಿಕ್ಕಂದಿನಿಂದ ನನಗೆ ಮನೆಯ ಬೆಳಗೆಂದರೆ ಇದೇ: ಅಲುಗಾಡದ ಒಂದು ಬೆನ್ನು, ಮಾತಾಡಬಾರದ ಅಷ್ಟು ಹೊತ್ತು.

ಆ ವರ್ಷ ಬೇಸಿಗೆ ಮುಗಿಯುವ ಹೊತ್ತಿಗೆ ಲಿಂಗದ ಸುತ್ತ ಅವಳಿಗೆ ಒಂದು ಬಳೆ ಕಾಣತೊಡಗಿತು. ಬೂದು ಬಣ್ಣದ ದುಂಡು ನೆರಳು, ಅಂಚಿನಲ್ಲಿ ಮಸುಕು ಹಳದಿ ಬೆಳಕು. ಅದರ ನಡುವೆ ಲಿಂಗ ಚಿಕ್ಕದಾಗಿ, ದೂರ ಸರಿದಂತೆ ಕಾಣುತ್ತಿತ್ತಂತೆ. ದಿಟ್ಟಿಸಿ ಕೂಡುವವರಿಗೆ ಬೆಳಕು ಕಾಣುತ್ತದೆಂದು ಅವಳು ತನ್ನ ಅಜ್ಜಿಯ ಬಾಯಿಂದ ಕೇಳಿದ್ದಳು. ಇಷ್ಟು ವರ್ಷ ಕೂತರೂ ಕಂಡಿರಲಿಲ್ಲ, ಈಗ ಕಂಡಿತು.

ಅವಳು ಅದನ್ನು ಹೇಳಿದ್ದು ಒಬ್ಬರಿಗೆ ಮಾತ್ರ. ಕಲಬುರಗಿ ಕಡೆಯ ಹಿರಿಯಾಕೆ ಒಬ್ಬರಿದ್ದಾರೆ, ಎಲ್ಲರೂ ದೊಡ್ಡವ್ವ ಎನ್ನುತ್ತಾರೆ. ಸೋಮವಾರ ನಮ್ಮ ಮನೆಯಲ್ಲಿ ಕನ್ನಡದ ಹೆಂಗಸರು ಸೇರಿ ಪೂಜೆಗೆ ಕೂಡುವ ಪದ್ಧತಿ ಶುರು ಮಾಡಿದವರು ಅವರೇ. ದೊಡ್ಡವ್ವನಿಗೆ ಗೊತ್ತಾದದ್ದು ಒಬ್ಬರಲ್ಲಿ ಉಳಿಯುವುದುಂಟೇ. ಬೀದರದ ವ್ಯಾಪಾರಿಗಳ ಮನೆಯವರು, ವರ್ಗವಾಗಿ ಬಂದ ಬ್ಯಾಂಕಿನವರ ಹೆಂಡತಿಯರು, ಮೊದಲು ನಾಲ್ಕಾರು ಜನ ಬರುತ್ತಿದ್ದವರು ಹಾಲ್ ತುಂಬುವಷ್ಟಾದರು. ಹೋಗುವಾಗ ಅವ್ವನ ಕಾಲು ಮುಟ್ಟತೊಡಗಿದರು. ಅಪ್ಪನ ಅಂಗಡಿಯಲ್ಲೂ ಅವರ ಗಂಡಂದಿರು ಅವನಿಗೆ ಕುರ್ಚಿ ಬಿಟ್ಟುಕೊಟ್ಟು ಏಳುತ್ತಿದ್ದರಂತೆ. ಅದು ಅವನ ಅಂಗಡಿ, ಅವನ ಕುರ್ಚಿ, ಆದರೂ.

ಜೂನ್‌ನಲ್ಲಿ ರಜೆ ಹಾಕಿ ಮನೆಗೆ ಬಂದಾಗ ನನಗೆ ಮೊದಲು ಕಂಡದ್ದು ಬಳೆಯ ಸುದ್ದಿಯಲ್ಲ, ಅವ್ವ ನನ್ನನ್ನು ನೋಡುವ ರೀತಿ. ಮಾತಾಡುವಾಗ ಅವಳ ಮುಖ ಸ್ವಲ್ಪ ಬಲಕ್ಕೆ ಹೊರಳಿತ್ತು. ನನ್ನ ಮುಖ ಬಿಟ್ಟು ಕಿವಿಯನ್ನು ನೋಡುತ್ತಿದ್ದಾಳೆನಿಸಿತು. ಹೀಗೆ ಬರೆಯುವಾಗ ಅನುಮಾನವಾಗುತ್ತದೆ. ಆಗಲೇ ಗಮನಿಸಿದ್ದೆನೋ, ಆಮೇಲೆ ಗೊತ್ತಾದದ್ದನ್ನು ಈಗ ಅಲ್ಲಿ ತಂದು ಕೂಡಿಸುತ್ತಿದ್ದೇನೋ. ಖಚಿತವಾಗಿ ನೆನಪಿರುವುದು ಅಡಿಗೆಮನೆ. ಅವ್ವ ಜೋಳದ ರೊಟ್ಟಿ ಬಡಿಯುತ್ತಿದ್ದಳು, ನಾನು ಕಟ್ಟೆಗೆ ಒರಗಿ ನಿಂತಿದ್ದೆ, ಅಪ್ಪ ಹಾಲ್‌ನಲ್ಲಿ ಮರಾಠಿ ಪೇಪರ್ ಓದುತ್ತಿದ್ದ. ಅವ್ವ ಬಳೆಯ ವಿಷಯ ಪೂರ್ತಿ ಹೇಳಿದಳು.

ಪ್ರಯೋಗಾಲಯದಲ್ಲಿ ನಮ್ಮದೊಂದು ರೂಢಿ ಇದೆ. ವೈನ್ ತಿಳಿಯಾಗಿದೆಯೇ ಎಂದು ಗ್ಲಾಸನ್ನು ದೀಪಕ್ಕೆ ಹಿಡಿಯುತ್ತೇವೆ. ಮೋಡ ಕಂಡರೆ ಮೊದಲು ಗ್ಲಾಸ್ ಬದಲಿಸಿ ನೋಡುತ್ತೇವೆ, ಮೋಡ ಗ್ಲಾಸಿನದೂ ಆಗಿರಬಹುದು. ನನ್ನ ಬಾಯಿಂದ ಬಂದದ್ದು ಆ ರೂಢಿಯ ಪ್ರಶ್ನೆ.

"ಪೂಜಿ ಮುಗದ ಮ್ಯಾಲ ಆ ಬಳಿ ಹೋಗ್ತದೇನವ್ವಾ?"

ಅವ್ವ ಹಂಚಿನ ಮೇಲಿನ ರೊಟ್ಟಿಗೆ ನೀರು ಸವರಿದಳು. ತಿರುವಿ ಹಾಕಿದಳು.

"ರೊಟ್ಟಿ ಮ್ಯಾಲೂ ಅದ."

"ಈಗ?"

"ಈಗೂ ಅದ. ರೊಟ್ಟ್ಯಾಗೂ ಶಿವ ಅದಾನಲ್ಲ?"

ಅಪ್ಪನ ಮುಖದ ಮೇಲೂ ಇದೆಯೇ ಎಂದು ಕೇಳಿದೆ. ಇದೆ ಎಂದಳು. ಹಾಲ್‌ನಿಂದ ಅಪ್ಪನ ದನಿ ಬಂತು: "ಇಷ್ಟು ವರ್ಷಕ್ಕ ಈಗರೆ ನನ್ನ ಮಾರಿ ಮ್ಯಾಲ ಶಿವ ಕಂಡ್ನಲ್ಲ, ಪುಣ್ಯ."

ಮೂವರೂ ನಕ್ಕೆವು. ನಗು ಮುಗಿದ ಮೇಲೆ ಒಂದೊಂದೇ ಕಣ್ಣು ಮುಚ್ಚಿ ಕಿಟಕಿಯ ಸರಳು ನೋಡಲು ಹೇಳಿದೆ. ಬಲಗಣ್ಣು ಮುಚ್ಚಿದಾಗ ಸರಳು ಸರಳಿನಂತೆಯೇ ಇದ್ದವು. ಎಡಗಣ್ಣು ಮುಚ್ಚಿದಾಗ ಅವಳು ಕಿಟಕಿಯ ಹತ್ತಿರ ಸರಿದಳು. ನಡುವಿನ ಎರಡು ಸರಳು ಒಳಗೆ ಬಾಗಿವೆ ಎಂದಳು, ಯಾರೋ ಹಿಡಿದು ಬಗ್ಗಿಸಿದಂತೆ. ಒಲೆಯ ಮೇಲೆ ರೊಟ್ಟಿ ಹೊತ್ತಿತು.

ಊರಿನಲ್ಲೇ ಕಣ್ಣಿನ ಡಾಕ್ಟರಿದ್ದರು. ಆದರೆ ಅಲ್ಲಿ ಯಾರಾದರೂ ನೋಡಿದರೆ ಸೋಮವಾರದ ಹೊತ್ತಿಗೆ ಎಲ್ಲರ ಮನೆಗೂ ಸುದ್ದಿ. ನಾಸಿಕ್‌ಗೆ ಹೋಗೋಣವೆಂದು ಅವಳೇ ಹೇಳಿದಳು. ಬಸ್ಸಿನಲ್ಲಿ ದಾರಿಯುದ್ದಕ್ಕೂ ಎಡಗಣ್ಣು ಮುಚ್ಚಿ, ತೆಗೆದು, ಕರೆಂಟಿನ ಕಂಬಗಳನ್ನು ಪರೀಕ್ಷಿಸುತ್ತಿದ್ದಳು. ಎದುರಿನ ಸೀಟಿನವರು ತಮಗೇ ಕಣ್ಣು ಹೊಡೆಯುತ್ತಿದ್ದಾಳೆಂದುಕೊಂಡು ಬೇರೆ ಕಡೆ ತಿರುಗಿ ಕೂತರು.

ನಾಸಿಕ್‌ನ ಡಾಕ್ಟರ್ ಚಿಕ್ಕ ವಯಸ್ಸಿನ ಹೆಣ್ಣುಮಗಳು. ಅವ್ವನನ್ನು ಆಯಿ ಎಂದು ಕರೆದು ಮರಾಠಿಯಲ್ಲಿ ಎಲ್ಲವನ್ನೂ ವಿವರಿಸಿದರು. ಕಣ್ಣಿಗೆ ಔಷಧ ಬಿಟ್ಟು ಪಾಪೆ ಹಿಗ್ಗಿಸಿ, ಒಂದು ಯಂತ್ರಕ್ಕೆ ಗಲ್ಲ ಆನಿಸಿ ಕೂಡಿಸಿ ಚಿತ್ರ ತೆಗೆದರು. ಪರದೆಯ ಮೇಲೆ ಕಣ್ಣಿನ ಹಿಂಬದಿಯ ಪದರು ಅಡ್ಡ ಗೆರೆಯಾಗಿ ಕಂಡಿತು. ಆ ಗೆರೆ ನಟ್ಟ ನಡುವೆ ಉಬ್ಬಿತ್ತು, ಉಬ್ಬಿನ ಕೆಳಗೆ ಕಪ್ಪು ಟೊಳ್ಳು. ರೆಟಿನಾದ ಕೆಳಗೆ ನೀರು ಸೋರಿ ನಿಂತಿದೆ, ಬಳೆಯಾಗಿ ಕಾಣುತ್ತಿರುವುದು ಅದೇ, ಗೆರೆಗಳು ಬಾಗುವುದೂ ವಸ್ತುಗಳು ಚಿಕ್ಕದಾಗುವುದೂ ಅದರಿಂದಲೇ ಎಂದರು. ಬಹಳ ಜನರಿಗೆ ಕೆಲವು ತಿಂಗಳಲ್ಲಿ ತಾನಾಗಿಯೇ ಇಂಗುತ್ತದಂತೆ.

ಅವ್ವ ಚೆನ್ನಾಗಿದ್ದ ಕಣ್ಣು ಮುಂದಾಗುವಂತೆ ಮುಖ ಹೊರಳಿಸಿ ಪರದೆ ನೋಡಿದಳು. ಕಪ್ಪಗೆ, ದುಂಡಗೆ, ಪುಟ್ಟ ಗುಮ್ಮಟದಂತೆ ಕೂತಿತ್ತು. "ಲಿಂಗದಂಗ ಅದ" ಎಂದು ಅವಳು ಅಂದಳೆಂದು ನನ್ನ ನೆನಪು. ಅವಳನ್ನು ಕೇಳಿದರೆ ಅಂದವಳು ನಾನಂತೆ. ಯಾರೂ ಅನ್ನದೆ ಇಬ್ಬರೂ ಅಂದುಕೊಂಡಿರಲೂಬಹುದು.

ಸ್ಟಿರಾಯ್ಡ್ ಏನಾದರೂ ತೆಗೆದುಕೊಳ್ಳುತ್ತೀರಾ ಎಂದು ಡಾಕ್ಟರ್ ಕೇಳಿದಾಗ ಅವ್ವ ಮಾತ್ರೆಯನ್ನೇ ಮುಟ್ಟುವುದಿಲ್ಲವೆಂದಳು. ಮುಲಾಮು ಎಂದು ಕೇಳಿದಾಗ ಕೈಚೀಲದಿಂದ ಒಂದು ಟ್ಯೂಬ್ ತೆಗೆದಳು, ನಡುವೆ ಹಿಂಡಿ ಹಿಂಡಿ ಸುರುಳಿ ಸುತ್ತಿದ್ದು. ಪೇಟೆಯ ವಿಭೂತಿಯಲ್ಲಿ ಏನು ಬೆರೆಸುತ್ತಾರೋ, ಹಚ್ಚಿದರೆ ಅವಳ ಹಣೆ ಕೆರೆದು ಕೆಂಪಗೆ ಗಾದರಿಯಾಗುತ್ತಿತ್ತು. ವಿಭೂತಿ ಬಿಡುವಂತಿಲ್ಲ. ಮೆಡಿಕಲ್ ಅಂಗಡಿಯಲ್ಲಿ ಕೇಳಿ ಈ ಟ್ಯೂಬ್ ತಂದಿದ್ದಳು. ದಿನಾ ಬೆಳಿಗ್ಗೆ ಮೊದಲು ಮುಲಾಮು, ಅದರ ಮೇಲೆ ವಿಭೂತಿ, ಹೀಗೆ ವರ್ಷಗಟ್ಟಲೆ. ಡಾಕ್ಟರ್ ಟ್ಯೂಬಿನ ಮೇಲಿನ ಸಣ್ಣ ಅಕ್ಷರ ಓದಿದರು: ಸ್ಟಿರಾಯ್ಡ್, ಇದರಿಂದಲೂ ಕಣ್ಣಿನಲ್ಲಿ ಹೀಗೆ ನೀರು ನಿಲ್ಲಬಹುದು. ಇದೇ ಕಾರಣವೆಂದು ಪ್ರಮಾಣ ಮಾಡಿ ಹೇಳಲಾಗದು, ಆದರೆ ಇದು ಇಂದಿನಿಂದ ಬಂದ್ ಎಂದರು.

ಅವ್ವ ಕೇಳಿದ್ದು ಒಂದೇ ಪ್ರಶ್ನೆ: ನೀರು ಇಂಗಿದರೆ ಆ ಬಳೆಯೂ ಹೋಗುತ್ತದೆಯೇ? ಡಾಕ್ಟರ್ ಸಂತೋಷದಿಂದ, ಪೂರ್ತಿ ಹೋಗುತ್ತದೆ ಆಯಿ, ಚಿಂತೆ ಬೇಡ ಎಂದರು. ಒಳ್ಳೆಯ ಸುದ್ದಿ ಕೊಟ್ಟೆನೆಂದು ಅವರ ಮುಖ ಅರಳಿತ್ತು. ಅವ್ವ ಟ್ಯೂಬನ್ನು ಮತ್ತೆ ಕೈಚೀಲಕ್ಕೆ ಹಾಕಿಕೊಂಡಳು.

ಆ ಸಂಜೆ ನನ್ನ ಕೋಣೆಯಲ್ಲಿ ಅವಳು ಮಂಚದ ಮೇಲೆ ಕೂತದ್ದು ಮಾತ್ರ ನೆನಪಿದೆ. ಔಷಧದಿಂದ ಪಾಪೆ ಇನ್ನೂ ಅಗಲವಾಗಿತ್ತು, ಬೆಳಕು ಚುಚ್ಚದಿರಲೆಂದು ಸೆರಗನ್ನು ಕಣ್ಣಿನವರೆಗೆ ಎಳೆದುಕೊಂಡಿದ್ದಳು. ಅಳುತ್ತಿದ್ದಳೇ? ಔಷಧಕ್ಕೂ ನೀರು ಬರುತ್ತದೆ. ನಾನು ಸೆರಗು ಸರಿಸಿ ನೋಡಲಿಲ್ಲ.

ಮನೆಗೆ ಮರಳಿ ಟ್ಯೂಬ್ ನಿಲ್ಲಿಸಿದ ಕೆಲವೇ ದಿನಗಳಲ್ಲಿ ಹಣೆ ಕೆಂಡವಾಯಿತು. ವಿಭೂತಿ ಹಚ್ಚುವಂತಿಲ್ಲ. ಎದುರಿಗೆ ಶ್ರಾವಣದ ಮೊದಲ ಸೋಮವಾರ, ಅದಕ್ಕೆಂದು ನಾನೂ ನಾಸಿಕ್‌ನಿಂದ ಬಂದಿದ್ದೆ. ಅವ್ವನಿಗೆ ಬೆಳಕು ಕಾಣುತ್ತದೆಂದು ನಂಬಿ ಜಾಲ್ನಾದಿಂದಲೂ ಯಾರನ್ನೋ ಕರೆತರುತ್ತೇನೆಂದು ದೊಡ್ಡವ್ವ ಹೇಳಿ ಕಳಿಸಿದ್ದರು. ಅಂಥ ದಿನ ಬೋಳು ಹಣೆಯಲ್ಲಿ ಕೂತರೆ ಯಾಕೆಂದು ಎಲ್ಲರೂ ಕೇಳುತ್ತಾರೆ. ಕೇಳಿದರೆ ಒಂದೋ ಸುಳ್ಳು ಹೇಳಬೇಕು, ಇಲ್ಲವೇ ಎಲ್ಲವನ್ನೂ. ಅಪ್ಪ ಎರಡರ ನಡುವಿನ ದಾರಿ ಹುಡುಕಿದ. ಅದೊಂದು ದಿನದ ಮಟ್ಟಿಗೆ ಟ್ಯೂಬ್ ಹಚ್ಚಿ ವಿಭೂತಿ ಇಟ್ಟುಕೊಂಡುಬಿಡು, ಬಳೆ ಹೇಗೂ ತಾನಾಗಿ ಹೋಗುತ್ತದೆ, ಜನರ ಮಾತೂ ಅದರ ಜೊತೆ ಹೋಗುತ್ತದೆ ಎಂದ.

"ನೀ ಏನ್ ಸುಳ್ಳ ಹೇಳಿದ್ದಿಲ್ಲಲ್ಲ," ಎಂದ. "ಕಂಡದ್ದು ಹೇಳಿದಿ. ಈಗ ಸುಮ್ನ ಕೂಡು. ಅವರೇನು ಕಣ್ಣಾಗ ಇಣಕಿ ನೋಡ್ತಾರ?"

ಅಪ್ಪ ಕೆಟ್ಟವನಲ್ಲ. ಜನ ಅವ್ವನನ್ನು ನೋಡುವ ರೀತಿ ಅವನಿಗೆ ಇಷ್ಟವಾಗಿತ್ತು. ನಿಜವೆಂದರೆ ನನಗೂ ಇಷ್ಟವಾಗಿತ್ತು.

ಸೋಮವಾರ ಹಾಲ್ ತುಂಬಿತ್ತು. ಅವ್ವ ಒಳಗಿನಿಂದ ಬಂದಳು. ಹಣೆ ಬೋಳು, ಕೆಂಪಗೆ ಸಿಪ್ಪೆ ಏಳುತ್ತಿತ್ತು. ಕೈಯಲ್ಲಿ ಕರಡಿಗೆಯ ಜೊತೆ ಆ ಟ್ಯೂಬ್. ದೊಡ್ಡವ್ವ ಹಣೆಯನ್ನೇ ನೋಡುತ್ತಿದ್ದರು.

"ಪೂಜಿ ಶುರು ಮಾಡೂಕಿಂತ ಮೊದ್ಲ ಒಂದ್ ಮಾತದ," ಎಂದಳು ಅವ್ವ. "ನನಗ ಬಳಿ ಕಂಡದ್ದು ಖರೇ ಅದ. ಆದ್ರ ಅದು ಶಿವ ಅಲ್ರಿ. ಕಣ್ಣಿನ ಹಿಂದ ನೀರು ನಿಂತದ, ನಾಸಿಕ್‌ನಾಗ ತೋರಿಸ್ಕೊಂಡ್ ಬಂದೀನಿ. ನನಗ ಮನಿಯಾಗ ರೊಟ್ಟಿ ಮ್ಯಾಲೂ ಕಾಣ್ತಿತ್ತು. ಅದನ್ನ ನಾ ನಿಮಗ ಹೇಳಿದ್ದಿಲ್ಲ."

ಕೊನೆಯ ವಾಕ್ಯವನ್ನು ನಾನು ಸೇರಿಸಿಲ್ಲ. ಅಪ್ಪನನ್ನು ಕೇಳಿ ಖಾತ್ರಿ ಮಾಡಿಕೊಂಡಿದ್ದೇನೆ. ಅವನು ಬಾಗಿಲ ಹಿಂದೆ ನಿಂತು ಕೇಳುತ್ತಿದ್ದ.

ಆಮೇಲೆ ಅವಳು ಟ್ಯೂಬ್ ಎತ್ತಿ ತೋರಿಸಿದಳು. ಇಂಥದ್ದು ಯಾರ ಯಾರ ಮನೆಯಲ್ಲಿದೆ ಎಂದು ಕೇಳಿದಳು. ತುಮಕೂರಿನ ಕಡೆಯಿಂದ ವರ್ಗವಾಗಿ ಬಂದ ಬ್ಯಾಂಕಿನವರ ಹೆಂಡತಿ ಮೆಲ್ಲಗೆ, "ನಮ್ಮನೇಲಿದೆ ಅಕ್ಕ. ಮುಖ ಬೆಳ್ಳಗಾಗುತ್ತೆ ಅಂದ್ರು, ಹಚ್ಕೊಳ್ತಿದೀನಿ" ಎಂದಳು. ಇನ್ನೊಬ್ಬಾಕೆ ಸೊಸೆಯ ಹೆಸರು ಹೇಳಿ ತಪ್ಪಿಸಿಕೊಂಡಳು. ಪಕ್ಕದಲ್ಲೇ ಕೂತಿದ್ದ ಸೊಸೆ ಮರಾಠಿಯಲ್ಲಿ ಏನೋ ಅಂದಳು, ಹಾಲ್ ನಕ್ಕಿತು. ಅವ್ವ ಕಿಟಕಿಯ ಪರದೆ ಸರಿಸಿ, ಒಂದೊಂದೇ ಕಣ್ಣು ಮುಚ್ಚಿ ಸರಳು ನೋಡಲು ಎಲ್ಲರಿಗೂ ಹೇಳಿದಳು.

ದೊಡ್ಡವ್ವ ಎದ್ದರು. ಡಾಕ್ಟರಿಗೆ ಲಿಂಗದ ವಿಷಯ ಏನು ಗೊತ್ತು, ತಾನಾಗಿ ಒಲಿದು ಬಂದದ್ದನ್ನು ನೀರು ಅಂದು ಚೆಲ್ಲಿದಿ ಎಂದು ಹೇಳಿ, ಜಾಲ್ನಾದವರನ್ನು ಕರೆದುಕೊಂಡು ಹೋದರು. ಅವ್ವ ಬಾಗಿಲವರೆಗೆ ಹೋಗಿ ಚಪ್ಪಲಿ ಹುಡುಕಿಕೊಟ್ಟು ಬಂದಳು. ಆ ದಿನ ಹೋಗುವಾಗ ಯಾರೂ ಅವಳ ಕಾಲು ಮುಟ್ಟಲಿಲ್ಲ. ಮರುದಿನ ಅಂಗಡಿಯಲ್ಲಿ ಅಪ್ಪನಿಗೆ ಯಾರೂ ಎದ್ದು ನಿಲ್ಲಲಿಲ್ಲ. ಅದನ್ನು ಅವನು ರಾತ್ರಿ ಊಟಕ್ಕೆ ಕೂತು, ಸ್ವಲ್ಪ ಹೆಚ್ಚೇ ದೊಡ್ಡ ದನಿಯಲ್ಲಿ, ಎಲ್ಲರ ಮಂಡಿ ಈಗ ಆರಾಮಾಗಿರಬೇಕು ಎಂದು ಹೇಳಿದ.

ಬಳೆ ಸವೆಯಲು ದೀಪಾವಳಿ ದಾಟಿತು. ಅವ್ವ ಫೋನಿನಲ್ಲಿ ಹೇಳುತ್ತಿದ್ದಳು: ಇವತ್ತು ಅಂಚು ಹೋಯಿತು, ಇವತ್ತು ಸರಳು ಅರ್ಧ ನೆಟ್ಟಗಾಯಿತು. ನಾಸಿಕ್‌ನಲ್ಲಿ ಮತ್ತೆ ಚಿತ್ರ ತೆಗೆದಾಗ ಗೆರೆ ಮಟ್ಟಸವಾಗಿತ್ತು. ಆದರೂ ಬಲಗಣ್ಣಿಗೆ ಕುಂಕುಮದ ಬಣ್ಣ ಎಡಗಣ್ಣಿನಷ್ಟು ಕೆಂಪಲ್ಲವಂತೆ. ಪೂರ್ತಿ ಗುಣವಾಯಿತೆಂದು ಬರೆದರೆ ಅದು ನನ್ನ ಅಲಂಕಾರ.

ಈಚೆಗೆ ಮನೆಗೆ ಹೋದಾಗ, ಪೂಜೆಯಿಂದ ಎದ್ದವಳನ್ನು ಏನು ಕಂಡಿತೆಂದು ಕೇಳಿದೆ.

"ಲಿಂಗ."

"ಅಷ್ಟ?"

"ಅಷ್ಟ ಕಾಣ್ಲಿ ಅಂತನೇ ಕೂಡೋದು," ಎಂದು ಕರಡಿಗೆ ಮುಚ್ಚಿದಳು.

ಅದು ಸೋಮವಾರ. ಹಾಲ್ ಮೊದಲಿನಷ್ಟು ತುಂಬುವುದಿಲ್ಲ. ಬಂದವರು ಪೂಜೆಗೆ ಮೊದಲು ಕಿಟಕಿಯ ಮುಂದೆ ನಿಂತು ಒಂದು ಕಣ್ಣಿಗೆ ಅಂಗೈ ಇಟ್ಟು ಸರಳು ನೋಡುತ್ತಾರೆ, ಆಮೇಲೆ ಇನ್ನೊಂದು. ಯಾರೂ ಹೇಳಿಕೊಡಬೇಕಿಲ್ಲ, ಕಾಲು ತೊಳೆದು ಒಳಗೆ ಬಂದಷ್ಟೇ ಸಹಜ. ಆ ದಿನ ಸಾಲಿನ ಕೊನೆಯಲ್ಲಿ ದೊಡ್ಡವ್ವ ನಿಂತಿದ್ದರು. ಎಷ್ಟೋ ತಿಂಗಳ ಮೇಲೆ ಬಂದಿದ್ದರು, ಬಂದದ್ದಕ್ಕೆ ಕಾರಣ ಹೇಳಲಿಲ್ಲ. ಊರಲ್ಲಿ ಮನೆಯವರೇ ಸುಟ್ಟು ಮಾಡಿದ ವಿಭೂತಿಯ ಗಟ್ಟಿಯೊಂದನ್ನು ಬಟ್ಟೆಯಲ್ಲಿ ಕಟ್ಟಿ ತಂದು ಅವ್ವನ ಕೈಗೆ ಕೊಟ್ಟರು. ಕಿಟಕಿಯ ಮುಂದೆ ಬಂದು ಒಂದು ಕಣ್ಣು ಮುಚ್ಚಿದರು, ಇನ್ನೊಂದು ಮುಚ್ಚಿದರು.

"ನನಗ ಎಲ್ಲಾ ಸೀದಾ ಅದಾವ ನೋಡು," ಎಂದರು. ದನಿಯಲ್ಲಿ ಸಿಟ್ಟು ಇನ್ನೂ ಇತ್ತು.

"ಛಲೋ ಆತ್ರಿ, ಬರ್ರಿ, ಕೂಡ್ರಿ," ಎಂದಳು ಅವ್ವ. ಗಟ್ಟಿಯನ್ನು ಬೆರಳಿಂದ ಉಜ್ಜಿ, ಹಣೆಗೆ ಹಚ್ಚದೆ ಮೊಳಕೈ ಒಳಗೆ ಒಂದು ಗೆರೆ ಎಳೆದುಕೊಂಡು, ಇಲ್ಲಿ ಕೆರೆತ ಏಳದಿದ್ದರೆ ಮುಂದಿನ ಸೋಮವಾರ ಹಣೆಗೆ ಎಂದು ದೊಡ್ಡವ್ವನಿಗೇ ಹೇಳಿ, ತನ್ನ ಜಾಗದಲ್ಲಿ ಕೂತು ಅಂಗೈ ಎತ್ತಿದಳು.