ಏಳನೇ ದಿನದ ರಕ್ತ

ಮಲಪನಗುಡಿಯ ಆಶಾ ಕಾರ್ಯಕರ್ತೆ ಗಂಗಾಂಬಿಕಾಗೆ ಮೂಗಿನ ತುದಿಯಲ್ಲೇ ಸಿಟ್ಟು. ಹದಿನಾಲ್ಕು ವರ್ಷದಿಂದ ಗುಲಾಬಿ ಸೀರೆ ಉಟ್ಟು, ಊರ ಬಸುರಿಯರನ್ನೆಲ್ಲ ಗದರಿಸಿಕೊಂಡೇ ಹೆರಿಗೆಗೆ ಮುಟ್ಟಿಸಿದವಳು. ಆಕೆ ಕೂಗಾಡಿದರೆ ಯಾರೂ ಬೇಸರಪಡುತ್ತಿರಲಿಲ್ಲ. ಕೂಗದಿದ್ದ ದಿನ ಮಾತ್ರ ಹುಷಾರಿಲ್ಲವೇನೋ ಎಂದು ವಿಚಾರಿಸುತ್ತಿದ್ದರು.

ಆ ಗುರುವಾರ ಜಂಬಮ್ಮನ ಪಡಸಾಲೆಯಲ್ಲಿ ಬಂದ ಸಿಟ್ಟೇ ಬೇರೆ. ಜಂಬಮ್ಮನ ಸೊಸೆ ಸುಕನ್ಯಾಗೆ ಬಸಿರು ಗರ್ಭಕೋಶದಲ್ಲಿ ನಿಲ್ಲದೆ ಪಕ್ಕದ ನಳಿಕೆಯಲ್ಲಿ ನಿಂತಿತ್ತು. ಅದು ಕೂಸಾಗುವಂಥದ್ದಲ್ಲ, ಬೆಳೆದರೆ ನಳಿಕೆ ಒಡೆದು ತಾಯಿಯ ಜೀವಕ್ಕೇ ಕುತ್ತು. ರಕ್ತದಲ್ಲಿ ಬಸಿರಿನ ಹಾರ್ಮೋನು ಸಾವಿರದ ಆರುನೂರು ಇತ್ತು. ಇಷ್ಟು ಕಡಿಮೆ ಇದ್ದರೆ ಔಷಧಿಗೇ ಕರಗುವ ಸಾಧ್ಯತೆ ಹೆಚ್ಚು, ಆಪರೇಷನ್ ತಪ್ಪೀತು ಎಂದು ಹೊಸಪೇಟೆಯ ಡಾಕ್ಟರಮ್ಮ ಇಂಜೆಕ್ಷನ್ ಕೊಟ್ಟಿದ್ದರು. ನಾಲ್ಕನೇ ದಿನ ಅಂಕಿ ಏರಿದರೂ ಏರಬಹುದು, ಅಲ್ಲಿಂದ ಏಳನೇ ದಿನಕ್ಕೆ ನೂರಕ್ಕೆ ಹದಿನೈದರಷ್ಟಾದರೂ ಇಳಿಯಲೇಬೇಕು ಎಂದಿದ್ದರು.

ನಾಲ್ಕನೇ ದಿನ ಎರಡು ಸಾವಿರ ಬಂತು. ಏಳನೇ ದಿನದ ರಕ್ತಕ್ಕೆ ಕರೆದೊಯ್ಯಲು ಗಂಗಾಂಬಿಕಾ ಹೋದರೆ, ಜಂಬಮ್ಮ ಸೊಸೆಗೆ ಹೋಳಿಗೆ ಬಡಿಸುತ್ತ ಕೂತಿದ್ದಳು.

"ಏರೈತಲ್ಲ ಗಂಗವ್ವ, ಕೂಸು ಬೆಳ್ಯಾಕ ಹತ್ತೈತಿ. ಇನ್ಯಾಕ ರಗತ?"

"ಅತ್ತಿ, ನಿಮಗ ಬುದ್ಧಿ ಐತೋ ಇಲ್ಲೋ? ಈಕಿನ್ನ ಮಣ್ಣಾಗ ಇಡಬೇಕಂತೀರೇನು?"

ಸುಕನ್ಯಾ ತುತ್ತನ್ನು ತಟ್ಟೆಯಲ್ಲೇ ಬಿಟ್ಟಳು. "ಅಕ್ಕಾ, ಮುಂಜಾನಿಂದ ಬಲಗಡಿ ನೋಯಾಕತ್ತೈತ್ರಿ" ಎಂದಳು. ಗಂಗಾಂಬಿಕಾ ಅವಳನ್ನು ಕೈಹಿಡಿದು ಎಬ್ಬಿಸಿ ಆಟೋ ಹತ್ತಿಸಿದಳು. ಹೊಸಪೇಟೆ ಮುಟ್ಟುವವರೆಗೂ ಜಂಬಮ್ಮನಿಗೆ ಮಂಗಳಾರತಿ ತಪ್ಪಲಿಲ್ಲ. ಮುದುಕಿ ಸೊಸೆಯ ಬೆನ್ನು ಸವರುತ್ತಿದ್ದಳು.

ಸ್ಕ್ಯಾನಿನಲ್ಲಿ ನಳಿಕೆ ಒಡೆದಿರಲಿಲ್ಲ. ಆದರೆ ಮಧ್ಯಾಹ್ನ ಬಂದ ಅಂಕಿ ಸಾವಿರದ ಒಂಬೈನೂರ ಇಪ್ಪತ್ತು. ಸಾವಿರದ ಏಳುನೂರಕ್ಕಾದರೂ ಇಳಿದಿರಬೇಕಿತ್ತು.

"ಬೇರೆ ಮಾತ್ರೆ ಏನಾದರೂ ತಗೊಳ್ತಿದ್ದಾರಾ?" ಡಾಕ್ಟರಮ್ಮ ಕೇಳಿದರು.

"ಮಾತ್ರಿ ಏನಿಲ್ರಿ. ಶಕ್ತಿ ಗುಳಿಗಿ ಅಷ್ಟ" ಎಂದು ಜಂಬಮ್ಮ ಚೀಲದಿಂದ ಫೋಲಿಕ್ ಆಸಿಡ್ ಮಾತ್ರೆ ತೆಗೆದಿಟ್ಟಳು.

ಡಾಕ್ಟರಮ್ಮನ ಮುಖ ಕೆಂಪಾಯಿತು. "ನಮ್ಮ ಇಂಜೆಕ್ಷನ್ ಕೆಲಸಕ್ಕೆ ಇದೇ ಅಡ್ಡಗಾಲು. ನಿಲ್ಲಿಸಿ ಅಂತ ಚೀಟಿಯಲ್ಲಿ ಬರೆದಿದ್ದೆನಲ್ಲ! ಯಾರು ಕೊಟ್ಟರು ಇದನ್ನ?"

ಗಂಗಾಂಬಿಕಾ ಮಾತ್ರೆಯನ್ನು ಕೈಗೆತ್ತಿಕೊಂಡು ನೋಡಿದಳು. ತಿಂಗಳ ಹಿಂದೆ ಬಸಿರು ನೋಂದಾಯಿಸಿದ ದಿನ ತಾನೇ ಕೊಟ್ಟಿದ್ದಳು. ಊರಲ್ಲಿ ಅದನ್ನು ಯಾರೂ ಔಷಧಿಯ ಲೆಕ್ಕಕ್ಕೆ ಹಿಡಿಯುವುದಿಲ್ಲ. ಇಂಜೆಕ್ಷನ್ ಕೊಟ್ಟ ದಿನ ನರ್ಸ್ ಇದೇ ಪ್ರಶ್ನೆ ಕೇಳಿದಾಗ ತಾನೂ ಪಕ್ಕದಲ್ಲೇ ಕೂತು ಇಲ್ಲವೆಂದು ತಲೆಯಾಡಿಸಿದ್ದಳು.

ಜಂಬಮ್ಮ ಅವಳತ್ತ ಒಮ್ಮೆ ನೋಡಿ, ಡಾಕ್ಟರಮ್ಮನಿಗೆ ಹೇಳಿದಳು: "ಅಂಗಡ್ಯಾಗ ತಂದಿದ್ವಿರೀ."

ಗಂಗಾಂಬಿಕಾಗೆ ಉರಿದುಹೋಯಿತು. ಅಷ್ಟು ಹೊತ್ತು ಬೈಸಿಕೊಂಡ ಮುದುಕಿ ತನ್ನ ಕೆಲಸ ಉಳಿಸಲು ಸುಳ್ಳು ಹೇಳುತ್ತಿದ್ದಳು!

"ಸುಳ್ಳು ಹೇಳಬ್ಯಾಡ್ರಿ ಅತ್ತಿ! ಮೇಡಂ, ಕೊಟ್ಟಾಕಿ ನಾನು. ನಿಲ್ಸಂತ ಹೇಳೋದು ಮರತಾಕೀನೂ ನಾನು. ಚೀಟಿ ಓದಾಕ ಬರೋದು ನಮ್ಮಾಗ ನನಗೊಬ್ಬಾಕಿಗೆ. ಬರಕೋರಿ, ಯಾರಿಗೆ ಬೇಕಾದ್ರೂ ಹೇಳ್ರಿ!"

ಡಾಕ್ಟರಮ್ಮ ಬರೆದುಕೊಂಡರು. ಮಾತ್ರೆ ನಿಲ್ಲಿಸಿ, ಎರಡನೇ ಇಂಜೆಕ್ಷನ್ ಕೊಟ್ಟು, ಸುಕನ್ಯಾಳನ್ನು ವಾರ್ಡಿನಲ್ಲಿ ಉಳಿಸಿಕೊಂಡರು. ಇದಕ್ಕೂ ಬಗ್ಗದಿದ್ದರೆ ನಳಿಕೆ ತೆಗೆಯಬೇಕಾಗುತ್ತದೆ ಎಂದರು. ಗಂಗಾಂಬಿಕಾ ಆ ವಾರವೆಲ್ಲ ತನ್ನನ್ನೇ ಬೈದುಕೊಂಡು ಓಡಾಡಿದಳು.

ಮುಂದಿನ ಗುರುವಾರ ಅಂಕಿ ಒಂಬೈನೂರಕ್ಕಿಳಿಯಿತು. ನರ್ಸ್ ನಗುತ್ತ ಬಂದು ಹೇಳಿದಳು. ಜಂಬಮ್ಮ ಕೈಮುಗಿದಳು. ಸುಕನ್ಯಾ ಮಾತ್ರ ಗೋಡೆಯ ಕಡೆ ಹೊರಳಿದಳು.

"ಅಕ್ಕಾ, ಇಳೀತಂತ ನಾನೂ ನಗಬೇಕೇನ್ರಿ?"

"ಯಾಕ ನಗ್ತೀಯ? ಅಳು ನೀನು!" ಗಂಗಾಂಬಿಕಾ ವಾರ್ಡೆಲ್ಲ ತಿರುಗಿ ನೋಡುವಂತೆ ಗದರಿದಳು. "ಯಾರು ಬ್ಯಾಡಂತಾರೋ ನಾನೂ ನೋಡ್ತೀನಿ."