ಈಲಿ ಅಳಿಯಂದಿರ ಪಾಲು

ಆಗೆಲ್ಲ ನಮ್ಮ ನಜರ್‌ಬಾದಿನ ಓಣಿಯಲ್ಲಿ ಯುಗಾದಿಯ ಮರುದಿನ, ವರ್ಷತೊಡಕಿಗೆ, ನಾಲ್ಕೈದು ಮನೆಯವರು ಸೇರಿ ಒಂದು ಕುರಿ ಕುಯ್ಯುತ್ತಿದ್ದರು. ಮುತ್ತುಗದ ಎಲೆಗಳ ಮೇಲೆ ಬಾಡನ್ನು ಗುಡ್ಡೆ ಹಾಕಿ ಹಂಚುವ ಹೊತ್ತಿಗೆ ಸುಟ್ಟ ತಲೆಕಾಲಿನ ಕಮಟು ವಾಸನೆ ಓಣಿಗೆಲ್ಲ ಹಬ್ಬಿರುತ್ತಿತ್ತು. ಹುಡುಗರು ಕುರಿಯ ಉಚ್ಚೆಬುಡ್ಡೆಯನ್ನು ಊದಿ ಚೆಂಡು ಮಾಡಿ ಒದೆಯುತ್ತಿದ್ದರು. ಹುಡುಗಿಯರಿಗೆ ಬೋಟಿ ತೊಳೆಯುವ ಕೆಲಸ. ಕರುಳನ್ನು ಕಡ್ಡಿಯಿಂದ ಒಳಹೊರಗು ಮಾಡಿ, ಸುಣ್ಣ, ಅರಿಸಿನ ಹಾಕಿ ಉಜ್ಜಿದರೂ ಎರಡು ದಿನ ಕೈ ನಾರುತ್ತಿತ್ತು. ನಿಮಗೂ ಇಂಥ ನೆನಪು ಇದ್ದೀತು, ಬಾಯಲ್ಲಿ ನೀರೂರುತ್ತಿರಬಹುದು. ನನಗೆ ಊರುವುದಿಲ್ಲ.

ಯಾರಿಗೆ ಯಾವ ತುಂಡು ಎನ್ನುವುದು ನಮ್ಮ ಅಜ್ಜಿಯ ಕಾನೂನು. ಮಿದುಳು ಅಪ್ಪನಿಗೆ, ಬೋಟಿ ಹೆಂಗಸರಿಗೆ, ಈಲಿ ಮನೆಗೆ ಬಂದ ಅಳಿಯನಿಗೆ. ಈಗ ಎಲ್ಲರೂ ಲಿವರ್ ಎನ್ನುತ್ತಾರಲ್ಲ, ಅದೇ ಈಲಿ. ಐದು ಮನೆಗೆ ಹಂಚಿದರೆ ನಮಗೆ ಬರುತ್ತಿದ್ದದ್ದು ಒಂದು ಹಿಡಿ.

ಆ ವರ್ಷ ಅಕ್ಕ ಚೊಚ್ಚಲ ಹೆರಿಗೆಗೆ ಬಂದಿದ್ದಳು. ಮುಖ, ಉಗುರು ಎಲ್ಲ ಬಿಳಿಚಿಕೊಂಡಿತ್ತು. ಹಿತ್ತಲಿನಿಂದ ಅಡುಗೆಮನೆಗೆ ಬರುವಷ್ಟರಲ್ಲಿ ಏದುಸಿರು. ಲೇಡಿ ಡಾಕ್ಟರು ಭಾವನ ಎದುರಿಗೇ ಹೇಳಿದ್ದರು: "ಇವಳ ಮೈಯಲ್ಲಿ ರಕ್ತಾನೇ ಇಲ್ಲ. ಮಾತ್ರೆ ಜೊತೆಗೆ ಕುರಿ ಲಿವರ್ ತಿನ್ನಿಸಿ. ಹೀಗೇ ಬಿಟ್ರೆ ಹೆರಿಗೇಲಿ ಕಷ್ಟ." ಭಾವ ಹೂಂಗುಟ್ಟಿದ. ಅಕ್ಕನ ಸೆರಗು ಹಿಡಿದು ನಾನು ಅಲ್ಲೇ ನಿಂತಿದ್ದೆ.

ನಮ್ಮ ಮನೆಗೆ ಬಾಡು ಬರುತ್ತಿದ್ದದ್ದು ಹಬ್ಬಕ್ಕೆ ಮಾತ್ರ. ಹಾಗಾಗಿ ವರ್ಷತೊಡಕಿಗೆ ಕಾದೆವು. ಅವತ್ತು ಪಕ್ಕದ ಮನೆಯ ಜೈನಬಮ್ಮ, ಬೆಳಗಿನಿಂದ ಕುದಿಸಿದ ಕುರಿಕಾಲಿನ ಪಾಯವನ್ನು ಮುಚ್ಚಿದ ಪಾತ್ರೆಯಲ್ಲಿ ತಂದುಕೊಟ್ಟರು. "ಹುಡುಗೀಗೆ ಕುಡಿಸಿ ಅಜ್ಜಿ. ನಮ್ಮಲ್ಲಿ ಕಲೇಜೀನೂ, ಅದೇ ನಿಮ್ಮ ಈಲಿ, ಮೊದಲು ಬಸುರಿಗೇ ಹಾಕೋದು" ಎಂದರು. ಅಜ್ಜಿ ನಗುನಗುತ್ತಲೇ ಈಸಿಕೊಂಡಳು. ಒಳಗೆ ಬಂದವಳೇ ಮೋರಿಗೆ ಸುರಿದಳು.

"ಅವರ ಮನೇದು ನಮಗ್ಯಾಕೆ, ಬುಡು."

ಮೋರಿಯಿಂದ ಮೆಣಸಿನ ಘಮ ಏಳುತ್ತಿತ್ತು.

ಭಾವ ಊಟಕ್ಕೆ ಕೂತ. ಅಜ್ಜಿ ಈಲಿಯಷ್ಟನ್ನೂ ಹುರಿದು, ಬಡಿಸಲು ಅಕ್ಕನ ಕೈಗೇ ಕೊಟ್ಟಳು.

"ಅಜ್ಜಿ, ಡಾಕ್ಟ್ರು ಅಕ್ಕಂಗೆ ಅಂದಿದ್ರಲ್ಲ" ಎಂದೆ.

"ಸುಮ್ಕಿರೇ. ಅಳಿಯಂದ್ರಿಗೆ ಬೋಟಿ ಇಕ್ಕುದ್ರೆ ನಮ್ ಮಾನ ಏನಾಯ್ತದೆ? ಇವಳಿಗೆ ಮುಂದಿನ ಅಬ್ಬಕ್ಕೆ ಇಕ್ಕುದ್ರಾಯ್ತು."

ಅಕ್ಕ ಬಡಿಸಿದಳು. ಆ ಮನುಷ್ಯ ಮುದ್ದೆ ಮುರಿದು, ಈಲಿ ಬಾಯಿಗಿಟ್ಟು, "ಉಪ್ಪು ಒಸಿ ಮುಂದಾಗದೆ ಕಣೆ" ಎಂದ. ಅಷ್ಟನ್ನೂ ತಿಂದ. ಡಾಕ್ಟರ ಮಾತನ್ನು ಕಿವಿಯಾರೆ ಕೇಳಿದವನು ಒಂದು ತುಂಡು ಉಳಿಸಲಿಲ್ಲ. ಆಮೇಲೆ ಅಕ್ಕ ನಮ್ಮ ಜೊತೆ ಕೂತು ಬೋಟಿ ತಿಂದಳು. ನನ್ನ ಮುಖ ನೋಡಿ, "ಇದೇ ರುಚಿ ಕಣೇ" ಎಂದಳು.

ಮುಂದಿನ ಹಬ್ಬಕ್ಕೆ ಮೊದಲೇ ಹೆರಿಗೆಯಾಯಿತು. ಮಗು ಉಳಿಯಿತು. ರಕ್ತ ನಿಲ್ಲದೆ ಅಕ್ಕ ಹೋದಳು. ಒಂದು ಹಿಡಿ ಈಲಿಯಿಂದ ಜೀವ ಉಳಿಯುತ್ತಿತ್ತೇ ಎಂದು ಕೇಳುವವರಿದ್ದಾರೆ. ಗೊತ್ತಿಲ್ಲ. ಕೊಡಲಿಲ್ಲ ಎನ್ನುವುದು ಗೊತ್ತು.

ಪಿತೃಪಕ್ಷ ಬಂತು. ಅಂಗಡಿಯಿಂದ ಬರೀ ಈಲಿಯನ್ನೂ ಕೊಂಡು ತರಬಹುದು ಎನ್ನುವುದು ಅಪ್ಪನಿಗೆ ಆಗ ಹೊಳೆಯಿತು. ಅಜ್ಜಿ ಅಳುತ್ತಳುತ್ತ ಹುರಿದು, ಅಕ್ಕನ ಹೆಸರಿನ ಹೊಸ ಸೀರೆಯ ಮುಂದೆ ಎಡೆ ಇಟ್ಟಳು. "ತಿನ್ನು ನನ್ನವ್ವ, ಒಟ್ಟೆ ತುಂಬ ತಿನ್ನು" ಎಂದು ಗೋಳಾಡಿದಳು. ಅಕ್ಕ ಬಂದು ತಿನ್ನಲಿ ಎಂದು ಬಾಗಿಲು ಮುಚ್ಚಿ, ಸ್ವಲ್ಪ ಹೊತ್ತು ಬಿಟ್ಟು ತೆರೆದೆವು. ಎಡೆಯ ಈಲಿಯನ್ನು ಅಜ್ಜಿ ತೆಗೆದು ಭಾವನ ಎಲೆಗೆ ಬಡಿಸಿದಳು.

ಈಗ ಓಣಿಯಲ್ಲಿ ಗುಡ್ಡೆ ಹಾಕುವವರಿಲ್ಲ. ಬೋಟಿಯನ್ನು ಅಂಗಡಿಯವನೇ ತೊಳೆದು ಕೊಡುತ್ತಾನೆ. ನೆಂಟರು ಸೇರಿದಾಗ, ಆ ಕಾಲದ ರುಚಿಯೇ ಹೋಯಿತು ಎಂದು ಹಲುಬುತ್ತಾರೆ. ಹೋದರೆ ಹೋಗಲಿ. ನನ್ನ ಅಕ್ಕನಿಗೆ ಆಗಿನ್ನೂ ಹತ್ತೊಂಬತ್ತು ವರ್ಷ.