ಒಂದೇ ಓಣಿಯ ಎರಡು ಬಾಗಿಲು

ಬೆಳಗಿನ ನಾಲ್ಕೂವರೆ. ಮರ್ಗಿಲಾನ್ ಪಟ್ಟಣದ ರೇಷ್ಮೆ ನೇಕಾರರ ಓಣಿಯಲ್ಲಿ ಅಸ್ರೋರ್ ಅವರ ಮನೆಯಂಗಳದಲ್ಲಿ ಎರಡು ದೊಡ್ಡ ಕಡಾಯಿಗಳು ಒಲೆಯೇರಿವೆ. ಕುರಿಮಾಂಸ, ಈರುಳ್ಳಿ, ಕ್ಯಾರೆಟ್ ಬೆಂದು ಘಮ್ಮೆನ್ನುತ್ತಿವೆ. ಮಗಳ ಮದುವೆಯ ಬೆಳಗಿನ ಪಲಾವಿಗೆ ಆರು ಗಂಟೆಗೆ ನಾನೂರು ಗಂಡಸರು ಬರಬೇಕು. ಬಾಣಸಿಗ ಬೋತಿರ್ ನೆನೆಸಿದ ಅಕ್ಕಿಯ ಪಕ್ಕದಲ್ಲಿ ಸೌಟು ಹಿಡಿದು ನಿಂತಿದ್ದಾರೆ, ಅಕ್ಕಿಯನ್ನು ಮಾತ್ರ ಮುಟ್ಟುತ್ತಿಲ್ಲ. ಐದು ನಿಮಿಷದ ಹಿಂದಷ್ಟೇ ಸುದ್ದಿ ಬಂದಿದೆ. ನಾಲ್ಕು ಮನೆಯಾಚೆ, ತೊಂಬತ್ತೊಂದು ವರ್ಷದ ಮೀರ್‌ಹಾಮಿದ್ ಅಜ್ಜ ನಿದ್ದೆಯಲ್ಲೇ ತೀರಿಕೊಂಡಿದ್ದಾರೆ.

"ಇನೋಬತಕ್ಕಾ, ಬೇಗ ಹೇಳು. ಅಕ್ಕಿ ಬಿಡ್ಲೋ ಬೇಡ್ವೋ? ಒಂದ್ಸಲ ಬಿಟ್ಟೆ ಅಂದ್ರೆ ವಾಪಸ್ ತೆಗೆಯೋಕಾಗಲ್ಲ" ಎನ್ನುತ್ತಾರೆ ಬೋತಿರ್.

ಅವರು ಕೇಳುತ್ತಿರುವುದು ಮನೆಯ ಯಜಮಾನನನ್ನಲ್ಲ. ಯಜಮಾನ ಅಸ್ರೋರ್ ಮೆಟ್ಟಿಲ ಮೇಲೆ ತಲೆ ಹಿಡಿದು ಕೂತಿದ್ದಾರೆ. "ನಿಲ್ಸಿಬಿಡೋಣ ಅಕ್ಕ. ಹೆಣ ಇಟ್ಕೊಂಡಿರೋ ಓಣೀಲಿ ಪಲಾವ್ ಬಡಿಸ್ದ ಅಂತ ಸಾಯೋ ತನಕ ಆಡ್ಕೊಳ್ತಾರೆ. ಆದ್ರೆ ಬೀಗರು ಆಂಡಿಜಾನಿಂದ ಹೊರಡ್ತಾವ್ರೆ, ಅವರಿಗೇನು ಹೇಳ್ಲಿ?"

ಇನೋಬತ್ ಆಗಲೇ ತಲೆವಸ್ತ್ರದ ಗಂಟಿಗೆ ಕೈಹಾಕಿದ್ದಾರೆ. "ಬೋತಿರ್, ಉರಿ ಸಣ್ಣ ಮಾಡು, ಕಾಲುಗಂಟೆ ಕೊಡು. ಕಹಳೆಯವರು ಬಂದ್ರೆ ಹಿತ್ತಲಲ್ಲಿ ಕೂರಿಸಿ ಚಹಾ ಕೊಡಿ, ಊದೋ ಹಾಗಿಲ್ಲ. ಅಸ್ರೋರ್, ಎದ್ದು ಮುಖ ತೊಳ್ಕೊ. ಇದು ನಿನ್ನ ತೀರ್ಮಾನವೂ ಅಲ್ಲ, ನಂದೂ ಅಲ್ಲ. ಕೇಳಬೇಕಾದವರನ್ನ ಕೇಳ್ಕೊಂಡು ಬರ್ತೀನಿ." ಹೂವಿನ ತಲೆವಸ್ತ್ರ ಬಿಚ್ಚಿ ಬಿಳಿಯದನ್ನು ಕಟ್ಟಿಕೊಂಡು ಹೊರಟೇಬಿಡುತ್ತಾರೆ.

ಅವರು ಆ ನಾಲ್ಕು ಮನೆಯಷ್ಟು ದೂರ ನಡೆಯುವುದರೊಳಗೆ ಅವರು ಯಾರೆಂದು ಹೇಳಿಬಿಡಬೇಕು. ಐವತ್ತೆಂಟರ ಇನೋಬತ್ ಈ ಓಣಿಯ ಕೈವಾನಿ. ತೊಟ್ಟಿಲ ಶಾಸ್ತ್ರವಿರಲಿ, ಮದುವೆಯಿರಲಿ, ಸಾವಿರಲಿ, ಮನೆಯವರ ಕೈಕಾಲು ಆಡದಿದ್ದಾಗ ಒಳಮನೆಯ ಬೀಗದ ಕೈ ಇವರ ಸೊಂಟಕ್ಕೆ ಬರುತ್ತದೆ. ಮೊದಲು ರೇಷ್ಮೆ ಗಿರಣಿಯಲ್ಲಿ ಪಾಳಿಯ ಮೇಲ್ವಿಚಾರಕಿಯಾಗಿದ್ದರು. ಗಿರಣಿ ಮುಚ್ಚಿತು, ಗಂಡನ ಬೆನ್ನು ಕೈಕೊಟ್ಟಿತು, ಮನೆಯಲ್ಲಿ ಇಬ್ಬರು ಸಣ್ಣ ಹೆಣ್ಣುಮಕ್ಕಳು. ಆ ವರ್ಷ ಪಕ್ಕದ ಮನೆಯ ಮದುವೆಯಲ್ಲಿ ರೊಟ್ಟಿ ಸಾಲದೆ ಎಲ್ಲರೂ ಕೈ ಕೈ ಹಿಸುಕಿಕೊಳ್ಳುತ್ತಿದ್ದಾಗ, ಇವರು ಓಣಿಯ ಹನ್ನೊಂದು ತಂದೂರುಗಳನ್ನು ಒಟ್ಟಿಗೆ ಹೊತ್ತಿಸಿದರು. ಅಲ್ಲಿಂದ ಮೂವತ್ತು ವರ್ಷವಾಯಿತು. ಮದುವೆಗಳ ಸುಗ್ಗಿಯ ದಿನಗಳಲ್ಲಿ ವಾರಕ್ಕೆ ನಾಲ್ಕು ಮನೆ, ದಿನಕ್ಕೆ ಇನ್ನೂರು ತಟ್ಟೆ, ನಲವತ್ತು ಚಹಾ ಹೂಜಿ.

ಅವರ ಕೆಲಸದ ರೀತಿಯೇ ಬೇರೆ. ಹಿಂದಿನ ದಿನವೇ ಬಂದು, ಖಾಲಿ ತಟ್ಟೆ ಹಿಡಿದು ಕಡಾಯಿಯಿಂದ ಬಾಗಿಲವರೆಗೆ ಮೂರು ಸಲ ನಡೆಯುತ್ತಾರೆ. ಎಲ್ಲಿ ಇಬ್ಬರು ಡಿಕ್ಕಿ ಹೊಡೆಯಬಹುದೋ ಅಲ್ಲಿಂದ ಕುರ್ಚಿ, ಬಕೆಟ್ಟು, ಕೆಲವೊಮ್ಮೆ ಮನೆಯ ಅತ್ತೆಯೂ ಎತ್ತಂಗಡಿ. ಒಬ್ಬೊಬ್ಬರಿಗೆ ಒಂದೇ ಕೆಲಸ. "‘ಯಾರಾದ್ರೂ ಚಹಾ ಕೊಡ್ರಮ್ಮಾ’ ಅಂದ್ರೆ ಯಾರೂ ಏಳಲ್ಲ. ಹೆಸರು ಹಿಡಿದು ಕರೀಬೇಕು, ಕಣ್ಣು ನೋಡಿ ಹೇಳ್ಬೇಕು" ಎನ್ನುತ್ತಾರೆ. ಮದುವೆಯ ವಿಡಿಯೋದಲ್ಲಿ ಬಾಣಸಿಗನಿರುತ್ತಾನೆ, ಕಹಳೆಯವರಿರುತ್ತಾರೆ. ಈ ಎಲೆಮರೆಯ ಕಾಯಿಯ ಕೈಯೊಂದು ಪರದೆಯ ಸಂದಿಯಿಂದ ತಟ್ಟೆ ದಾಟಿಸುವುದು ಕಂಡರೆ ಅದೇ ಹೆಚ್ಚು. ಅವರ ಬಾಯಿಗೆ ಹೆದರದವರು ಓಣಿಯಲ್ಲಿಲ್ಲ. ಅವರನ್ನು ಕರೆಯದೆ ಮದುವೆ ಮಾಡುವ ಧೈರ್ಯವೂ ಯಾರಿಗೂ ಇಲ್ಲ. "ಉಪ್ಪಿನ ಡಬ್ಬಿ ಒಂದು ಗೇಣು ಆಕಡೆ ಇಟ್ರೆ ಅಮ್ಮ ಪಂಚಾಯ್ತಿ ಕೂರಿಸ್ತಾಳೆ" ಎಂದು ಹಿರಿಮಗಳು ನಗುತ್ತಾಳೆ.

ಅಂಥ ಇನೋಬತ್, ಅಜ್ಜನ ಕೋಣೆಯ ಹೊಸ್ತಿಲಲ್ಲಿ ತಡವರಿಸುತ್ತಾರೆ. ಒಳಗೆ ಸೋಲಿಹಾ ಅಜ್ಜಿ ಗಂಡನ ಪಕ್ಕದಲ್ಲಿ ಕೂತಿದ್ದಾರೆ. ಅರವತ್ತೆಂಟು ವರ್ಷದ ದಾಂಪತ್ಯ.

"ಅಜ್ಜೀ, ಸುತ್ತಿ ಬಳಸಿ ಮಾತಾಡೋಕೆ ನಂಗೆ ಬರಲ್ಲ. ಅಸ್ರೋರ್ ಮನೇಲಿ ಒಲೆ ಉರೀತಿದೆ. ನೀವು ಬೇಡ ಅಂದ್ರೆ ಈಗಲೇ ಆರಿಸ್ತೀನಿ. ಅವರಿಗೂ ಬೇಜಾರಿಲ್ಲ, ನಂಗೂ ಇಲ್ಲ."

ಅಜ್ಜಿ ಕಣ್ಣೊರೆಸಿಕೊಳ್ಳುತ್ತಾರೆ. "ನಿನ್ನೆ ಸಂಜೆ ಕ್ಯಾರೆಟ್ ಹೆಚ್ಚೋಕೆ ಓಣಿಯವರೆಲ್ಲ ಸೇರಿದ್ರಲ್ಲ, ಇವರೂ ಹೋಗಿದ್ರು. ಕೈ ನಡುಗುತ್ತೆ, ಬೇಡ ಅಂದ್ರೆ ಕೇಳ್ಬೇಕಲ್ಲ! ಮೂರೇ ಮೂರು ಹೆಚ್ಚಿ ಬಂದು, ಮಲಗೋವಾಗ ಏನಂದ್ರು ಗೊತ್ತಾ? ‘ಬೇಗ ಎಬ್ಬಿಸೇ, ಮೊದಲನೇ ಪಂಕ್ತೀಲೇ ಕೂರ್ತೀನಿ’ ಅಂತ. ಇವರು ಹೆಚ್ಚಿದ್ದನ್ನ ಚೆಲ್ತೀಯೇನೇ? ಹೋಗು, ಅಕ್ಕಿ ಬಿಡಿಸು. ಕಹಳೆ ಮಾತ್ರ ಇವರು ಮಣ್ಣು ಸೇರೋವರೆಗೂ ಬೇಡ."

ಇನೋಬತ್ ಅಜ್ಜಿಯ ಕೈಯನ್ನು ಹಣೆಗೊತ್ತಿಕೊಂಡು ಎದ್ದವರೇ, ಅಲ್ಲಿಂದ ಮುಂದೆ ಮತ್ತೆ ಹಳೆಯ ಇನೋಬತ್. ಅಂಗಳ ತಲುಪುವ ಮೊದಲೇ ಗೋಡೆಯಾಚೆಯಿಂದ ಕೂಗುತ್ತಾರೆ: "ಬೋತಿರ್, ಬಿಡೋ ಅಕ್ಕಿ!" ಮೂರು ದಿನ ಸಾವಿನ ಮನೆಯಲ್ಲಿ ಒಲೆ ಹೊತ್ತಿಸುವಂತಿಲ್ಲ, ಆದ್ದರಿಂದ ಕಡಾಯಿಯಿಂದ ತೆಗೆದ ಮೊದಲ ಹರಿವಾಣ ಅಲ್ಲಿಗೆ. ಕೆಲಸದ ಹೆಂಗಸರಲ್ಲಿ ಅರ್ಧ ಜನ ಇಲ್ಲಿ, ಅರ್ಧ ಜನ ಅಲ್ಲಿ. ಬಾಗಿಲಲ್ಲಿ ನಿಂತು ಬಂದವರಿಗೆ ಹೇಳುವ ಕೆಲಸ ಅಸ್ರೋರ್ ಅವರದೇ. "ನಾಚ್ಕೋಬೇಡ. ‘ಅಜ್ಜಿ ಒಪ್ಪಿದ್ದಾರೆ, ಹಾಡಿಲ್ಲ, ಊಟ ಇದೆ, ಉಂಡು ಅಜ್ಜನ ಬಾಗಿಲಿಗೆ ಹೋಗಿ’ ಅನ್ನು. ಅಷ್ಟೇ. ಉದ್ದ ಮಾಡಬೇಡ."

ಆರಕ್ಕೆ ಮೊದಲ ಪಂಕ್ತಿ ಕೂರುತ್ತದೆ. ನಾನೂರು ಜನ ಮೆಲುದನಿಯಲ್ಲಿ ಮಾತಾಡುತ್ತ ಉಣ್ಣುತ್ತಾರೆ. ಉಂಡೆದ್ದವರು ಮನೆಗೆ ಹೋಗಿ, ಶೋಕದ ನಿಲುವಂಗಿ ತೊಟ್ಟು, ನಡುಕಟ್ಟು ಬಿಗಿದು, ನಾಲ್ಕು ಮನೆಯಾಚೆ ಸಾಲಾಗಿ ನಿಲ್ಲುತ್ತಾರೆ. ಆಡಿಕೊಳ್ಳುವ ಬಾಯಿ ಒಂದೂ ಕಾಣುವುದಿಲ್ಲ. ಬೋತಿರ್ ಅವರ ಪ್ರಕಾರ ಇಂಥ ಪಲಾವ್ ಈ ವರ್ಷ ಅವರ ಕೈಯಲ್ಲಿ ಆಗಿರಲೇ ಇಲ್ಲ. ಮಧ್ಯಾಹ್ನದ ನಮಾಜಿನ ನಂತರ ಅಜ್ಜ ಮಣ್ಣು ಸೇರುತ್ತಾರೆ.

ಸಂಜೆ ಹುಡುಗಿ ಹೊರಡುವ ಹೊತ್ತು. ಕಹಳೆಯವರು ಊದಲೋ ಬೇಡವೋ ಎಂದು ಮುಖ ಮುಖ ನೋಡಿಕೊಳ್ಳುತ್ತಿದ್ದಾರೆ. ಇನೋಬತ್ ಪರದೆಯಿಂದ ತಲೆ ಹೊರಹಾಕುತ್ತಾರೆ: "ಮಣ್ಣಾಗೋವರೆಗೆ ಬೇಡ ಅಂದ್ರು ಅಜ್ಜಿ, ಮಣ್ಣಾಯ್ತು. ಹುಡುಗಿ ಕಳ್ಳಿ ಥರ ಹೋಗಬೇಕಾ? ಊದ್ರೋ!" ಓಣಿ ನಡುಗುವ ಹಾಗೆ ಊದುತ್ತಾರೆ. ನಾಲ್ಕು ಮನೆಯಾಚೆ ಬಾಗಿಲು ತೆರೆಯುತ್ತದೆ. ಸೋಲಿಹಾ ಅಜ್ಜಿ ಹೊರಬಂದು, ಮುಂದೆ ಸಾಗುವ ವಧುವಿಗೆ ಎರಡೂ ಕೈಯೆತ್ತಿ ಹರಸುತ್ತಾರೆ.

ಆಮೇಲೆ ಬಕೆಟ್ಟು ಬೋರಲು ಹಾಕಿ ಕೂತು ಇನೋಬತ್ ದಿನದ ಮೊದಲ ಚಹಾ ಕುಡಿಯುತ್ತಾರೆ. ನಿಮಗೇನಾದರೂ ಆಸೆಯಿದೆಯೇ ಎಂದು ಕೇಳಿದರೆ ಬಟ್ಟಲು ಕೆಳಗಿಡುತ್ತಾರೆ.

"ನಂದೂ ಒಂದಿನ ಬರುತ್ತಲ್ಲ. ಅವತ್ತು ಓಣೀಲಿ ಮದುವೆ ಇದ್ರೆ ನಿಲ್ಲಿಸಬಾರದು ಅಂತ ಮಕ್ಕಳಿಗೆ ಹೇಳಿಟ್ಟಿದೀನಿ. ಬೆಳಗಾಗ್ತಿದ್ದ ಹಾಗೇ ಊದ್ಲಿ, ಉಣ್ಣಲಿ. ಬಡಿಸೋದ್ರಲ್ಲಿ ತಪ್ಪು ಮಾಡಿದ್ರೂ ಪರವಾಗಿಲ್ಲ. ನಾನೇನು ಎದ್ದು ಬಂದು ಬೈಯಲ್ಲ."